ಆನ್ ಆಗದ ನ್ಯಾಸ್‌ಗೆ ಯಾವ ಅಡಾಪ್ಟರ್? ಕಲಬುರಗಿ ಕೌಂಟರ್‌ಗಳಲ್ಲಿ ಸಿಗುವ 12 ವೋಲ್ಟ್ 5 ಆಂಪ್‌ಗಳ ವಿಮರ್ಶೆ

ಮೇ ತಿಂಗಳಲ್ಲಿ ಕಲಬುರಗಿಗೆ ಎರಡು ಒಟ್ಟಿಗೇ ಬರುತ್ತವೆ: ಮದುವೆ, ಮತ್ತು 42 ಡಿಗ್ರಿ ಬಿಸಿಲು. ಮದುವೆ ಫೋಟೊ ತೆಗೆಯುವ ಸ್ಟುಡಿಯೋ, ಸ್ಕ್ಯಾನಿಂಗ್ ಸೆಂಟರ್, ದಾಲ್ ಮಿಲ್ಲಿನ ಆಫೀಸು, ಮಕ್ಕಳ ವಿಡಿಯೋ ಕೂಡಿಟ್ಟುಕೊಂಡ ಮನೆ, ಎಲ್ಲ ಕಡೆಯೂ ಕಪಾಟಿನ ಮೂಲೆಯಲ್ಲಿ ಎರಡು ಡಿಸ್ಕಿನ ನ್ಯಾಸ್ (ಫೋಟೊ, ವಿಡಿಯೋ, ಕಡತ ಕೂಡಿಟ್ಟು ನೆಟ್‌ವರ್ಕ್ ಮೂಲಕ ಎಲ್ಲರಿಗೂ ಕೊಡುವ ಹಾರ್ಡ್ ಡಿಸ್ಕಿನ ಪೆಟ್ಟಿಗೆ) ಒಂದು ಹಗಲು ರಾತ್ರಿ ಓಡುತ್ತಿರುತ್ತದೆ. ಅದಕ್ಕೆ ಕರೆಂಟ್ ಕೊಡುವ ಕರಿ ಅಡಾಪ್ಟರ್ ಕಪಾಟಿನ ಹಿಂದೆ ಧೂಳಿನಲ್ಲಿ ಬಿದ್ದಿರುತ್ತದೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂದಮೇಲೆ ನ್ಯಾಸ್ ಏಳುವುದಿಲ್ಲ. ಬಟನ್ ಒತ್ತಿದರೆ ಲೈಟ್ ಒಮ್ಮೆ ಮಿಣುಕಿ ಆರುತ್ತದೆ, ಇಲ್ಲವೇ ಏನೂ ಇಲ್ಲ.

ಅಂಗಡಿಗೆ ಒಯ್ದರೆ ಹುಡುಗ ಮಲ್ಟಿಮೀಟರ್ ಹಚ್ಚಿ ಹೇಳುವ ಮಾತು ಬಹುತೇಕ ಇದೇ: "12 ವೋಲ್ಟ್ ಬರ್ಲಾಕತ್ತದ ನೋಡ್ರಿ, ಅಡಾಪ್ಟರ್ ಚಲೋ ಅದ. ಬೋರ್ಡೇ ಹೋಗ್ಯಾದ." 12 ವೋಲ್ಟ್ ಬರುತ್ತಿರುವುದು ನಿಜ. ಅಡಾಪ್ಟರ್ ಚಲೋ ಇದೆ, ಬೋರ್ಡ್ ಹೋಗಿದೆ ಎಂಬುದಕ್ಕೆ ಆ ಅಳತೆಯಿಂದ ಯಾವ ಆಧಾರವೂ ಸಿಗುವುದಿಲ್ಲ. ಖಾಲಿ ನಿಂತ ಅಡಾಪ್ಟರ್ 12 ವೋಲ್ಟ್ ತೋರಿಸುವುದು ಅಂದರೆ ಖಾಲಿ ಲಾರಿ ಏರಿ ಹತ್ತಿದಂತೆ. ತೊಗರಿ ಚೀಲ ಹೇರಿದಾಗ ಹತ್ತುತ್ತದೋ ಇಲ್ಲವೋ ಅದನ್ನು ನೋಡಬೇಕು.

ಎರಡು 3.5 ಇಂಚಿನ ಹಾರ್ಡ್ ಡಿಸ್ಕ್ ಹಾಕಿದ ನ್ಯಾಸ್ ಸುಮ್ಮನೆ ಓಡುವಾಗ ಹದಿನೈದು ಇಪ್ಪತ್ತು ವ್ಯಾಟ್ ತಿನ್ನುತ್ತದೆ, ಅಂದರೆ ಒಂದೂವರೆ ಆಂಪ್ ಆಸುಪಾಸು. ಆದರೆ ಆನ್ ಮಾಡಿದ ಮೊದಲ ಕೆಲವು ಸೆಕೆಂಡು ಡಿಸ್ಕಿನ ಮೋಟರ್ ನಿಂತಲ್ಲಿಂದ ತಿರುಗಲು ಶುರು ಮಾಡಬೇಕು. ಆಗ ಒಂದೊಂದು ಡಿಸ್ಕೂ 12 ವೋಲ್ಟ್ ಸಾಲಿನಿಂದ ಸುಮಾರು 2 ಆಂಪ್ ವರೆಗೆ ಎಳೆಯುತ್ತದೆ. ಡಿಸ್ಕಿನ ಲೇಬಲ್ ಮೇಲೆ 12 ವೋಲ್ಟ್ 0.5 ಆಂಪ್ ಎಂದು ಬರೆದದ್ದನ್ನು ಓದಿ ಲೆಕ್ಕ ಹಾಕಬೇಡಿ, ಅದು ಸಾಮಾನ್ಯವಾಗಿ ಓಡುವಾಗಿನ ಲೆಕ್ಕ. ಬೋರ್ಡಿನದ್ದೂ ಸೇರಿ ಒಟ್ಟು 4ರಿಂದ 5 ಆಂಪ್. ಎರಡು ಡಿಸ್ಕಿನ ಪೆಟ್ಟಿಗೆಗಳ ಜೊತೆ 60 ವ್ಯಾಟಿನ ಅಡಾಪ್ಟರ್ ಬರುವುದು ಈ ಕೆಲವೇ ಸೆಕೆಂಡಿಗಾಗಿ.

ಹಳೆಯ ಅಡಾಪ್ಟರ್ ಸೋಲುವುದೂ ಇಲ್ಲೇ. ಕರೆಂಟ್ ಕೂಡಿಟ್ಟು ಏರಿಳಿತ ಸಮ ಮಾಡುವ ಒಳಗಿನ ಔಟ್‌ಪುಟ್ ಕೆಪಾಸಿಟರ್‌ಗಳು ಒಣಗಿ ಅವುಗಳ ಒಳರೋಧ ಏರಿರುತ್ತದೆ. ಮೀಟರಿಗೆ ಕೂದಲೆಳೆಯಷ್ಟು ಕರೆಂಟ್ ಸಾಕು, ಅದಕ್ಕೆ 12.1 ತೋರಿಸುತ್ತದೆ. 4 ಆಂಪ್ ಎಳೆದ ಕೂಡಲೆ ವೋಲ್ಟೇಜ್ ಕುಸಿದು, ಅಡಾಪ್ಟರ್ ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗಿ, ಮತ್ತೆ ಶುರುವಾಗಿ, ಮತ್ತೆ ಬಂದ್ ಆಗುತ್ತದೆ. ಲೈಟ್ ಮಿಣುಕುವುದು ಅದಕ್ಕೇ. ವರ್ಷಗಟ್ಟಲೆ ಆರಿಸದೆ ಓಡಿದ ನ್ಯಾಸ್ ಒಮ್ಮೆ ಕರೆಂಟ್ ಹೋದಮೇಲೆ ಏಳದಿರುವುದಕ್ಕೂ ಕಾರಣ ಅದೇ. ಓಡುವಾಗಿನ ಒಂದೂವರೆ ಆಂಪನ್ನು ಮುದಿ ಅಡಾಪ್ಟರ್ ಹೇಗೋ ತೂಗಿಸುತ್ತಿತ್ತು, ಎಬ್ಬಿಸುವ ಬಲ ಅದಕ್ಕೆ ಉಳಿದಿರಲಿಲ್ಲ.

ಇಲ್ಲಿಯ ಬ್ಯಾಸಗಿಯ ಪಾಲು ಎಷ್ಟೆಂದು ಸ್ವಲ್ಪ ಲೆಕ್ಕ ಹಾಕೋಣ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ 105 ಡಿಗ್ರಿ ಎಂದಿದ್ದು ಆಯುಸ್ಸು 2000 ಗಂಟೆ ಎಂದಿಟ್ಟುಕೊಳ್ಳಿ. ಹತ್ತು ಡಿಗ್ರಿ ಇಳಿದಷ್ಟೂ ಆಯುಸ್ಸು ಇಮ್ಮಡಿ ಎಂಬುದು ಎಂಜಿನಿಯರ್‌ಗಳ ರೂಢಿ ಲೆಕ್ಕ. ಡಬ್ಬಿಯೊಳಗೆ 65 ಡಿಗ್ರಿ ಇದ್ದರೆ 32,000 ಗಂಟೆ, ಆರಿಸದೆ ಓಡಿದರೆ ಮೂರೂವರೆ ವರ್ಷದ ಮೇಲೆ. 75 ಆದರೆ 16,000 ಗಂಟೆ, ಎರಡು ವರ್ಷಕ್ಕೂ ಕಡಿಮೆ. ಗಾಳಿಯಾಡದ ಕಪಾಟು, ಮೇಲೆ ಮಿಲ್ಲಿನ ಹೊಟ್ಟಿನ ಧೂಳೋ ಶಹಾಬಾದ್ ಕಲ್ಲು ಕೊಯ್ಯುವ ಕಡೆಯ ಬಿಳಿ ಪುಡಿಯೋ ಕೂತರೆ ಆ ಹತ್ತು ಡಿಗ್ರಿ ಏರಲು ಹೆಚ್ಚೇನೂ ಬೇಕಿಲ್ಲ.

ಕೊಳ್ಳುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ. ವೈರ್ ಕಿತ್ತು ಎರಡು ಡಿಸ್ಕನ್ನೂ ಹೊರಗೆ ಎಳೆಯಿರಿ. ಎಳೆಯುವ ಮೊದಲೇ ಟ್ರೇ ಮೇಲೂ ಡಿಸ್ಕ್ ಮೇಲೂ 1, 2 ಎಂದು ಮಾರ್ಕರ್‌ನಿಂದ ಬರೆದಿರಬೇಕು. ಈಗ ಡಿಸ್ಕ್ ಇಲ್ಲದೆ ಖಾಲಿ ನ್ಯಾಸ್ ಆನ್ ಮಾಡಿ. ಫ್ಯಾನ್ ತಿರುಗಿ ಲೈಟ್ ಆರದೆ ಉಳಿದರೆ ಬೋರ್ಡ್ ಜೀವಂತ ಇದೆ, ಅನುಮಾನ ಅಡಾಪ್ಟರ್ ಮೇಲೆ. ಒಂದೇ ಡಿಸ್ಕ್ ಹಾಕಿದರೆ ಏಳುತ್ತದೆ, ಎರಡು ಹಾಕಿದರೆ ಬೀಳುತ್ತದೆ ಅಂದರೆ ಅಡಾಪ್ಟರ್ ಎಂಬುದು ಹೆಚ್ಚುಕಡಿಮೆ ಖಚಿತ. ಆದರೆ 1ನೇ ಡಿಸ್ಕ್ ಹಾಕಿದಾಗ ಏಳುತ್ತದೆ, 2ನೆಯದು ಒಂದನ್ನೇ ಹಾಕಿದರೂ ಸಾಯುತ್ತದೆ ಅಂದರೆ ಆ ಡಿಸ್ಕಿನಲ್ಲೇ ಶಾರ್ಟ್ ಇದೆ. ಅಡಾಪ್ಟರ್‌ಗೆ ರೊಕ್ಕ ಹಾಕಬೇಡಿ. ಈ ಪರೀಕ್ಷೆಯನ್ನು ಪದೇ ಪದೇ ಮಾಡುತ್ತಾ ಕೂರಬಾರದು, ಅರ್ಧಕ್ಕೆ ತಿರುಗಿ ನಿಲ್ಲುವುದು ಡಿಸ್ಕಿಗೆ ಒಳ್ಳೆಯದಲ್ಲ.

ಡಿಸ್ಕ್ ಇಲ್ಲದೆಯೂ ಏಳದಿದ್ದರೆ ಅಡಾಪ್ಟರ್ ಪಿನ್ನನ್ನು ನ್ಯಾಸ್‌ನಿಂದ ಕಿತ್ತು ಅದರ ಸಣ್ಣ ಲೈಟ್ ನೋಡಿ. ನ್ಯಾಸ್‌ಗೆ ಚುಚ್ಚಿದಾಗ ಮಿಣುಕಿ, ಕಿತ್ತಾಗ ಸ್ಥಿರವಾದರೆ ಎರಡು ಸಾಧ್ಯತೆ: ಅಡಾಪ್ಟರ್ ಸೋತಿದೆ, ಇಲ್ಲವೇ ನ್ಯಾಸ್ ಒಳಗೆ ಶಾರ್ಟ್ ಇದೆ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ನ್ಯಾಸ್‌ನ ಡಿಸಿ ಸಾಕೆಟ್ಟಿನ ನಡುಪಿನ್ನಿಗೂ ಹೊರ ಅಂಚಿಗೂ ಹಿಡಿಯಿರಿ. ಕ್ಷಣಕಾಲ ಬೀಪ್ ಆಗಿ ನಿಂತರೆ ಸಹಜ, ಒಳಗಿನ ಕೆಪಾಸಿಟರ್ ತುಂಬಿಕೊಳ್ಳುವ ಸದ್ದು ಅದು. ಬೀಪ್ ನಿಲ್ಲದಿದ್ದರೆ ಶಾರ್ಟ್.

ಇನ್ನು ಸರಕು. ಸೂಪರ್ ಮಾರ್ಕೆಟ್ ಸುತ್ತಿನ ಕಂಪ್ಯೂಟರ್, ಸಿಸಿಟಿವಿ, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ "12 ವೋಲ್ಟ್ 5 ಆಂಪ್ ಕೊಡ್ರಿ" ಎಂದರೆ ಕೌಂಟರ್ ಮೇಲೆ ಬರುವುದು ಮುಖ್ಯವಾಗಿ ಮೂರು ಬಗೆ. ನಾಲ್ಕನೆಯದನ್ನು ತರಿಸಿಕೊಳ್ಳಬೇಕು.

ಮೊದಲನೆಯದು ಸಿಸಿಟಿವಿ ಕ್ಯಾಮೆರಾದವರು ಒಯ್ಯುವ ಪ್ಲಾಸ್ಟಿಕ್ ಅಡಾಪ್ಟರ್. ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ, ಗೊತ್ತಿದ್ದವರಿಗೆ ಇನ್ನೂ ಕಡಿಮೆ. ಕ್ಯಾಮೆರಾಗಳಿಗೆ ಇದು ಸಾಕು, ಏಕೆಂದರೆ ಅವು ಒಂದೇ ಸಮನೆ ಸ್ವಲ್ಪ ಸ್ವಲ್ಪ ಎಳೆಯುತ್ತವೆ, ಒಮ್ಮೆಲೆ ಜಗ್ಗುವುದಿಲ್ಲ. ನ್ಯಾಸ್‌ಗೆ ಇದು ಲಾಟರಿ. ಲೇಬಲ್ ಮೇಲಿನ 5 ಆಂಪ್ ಒಳಗಿನ ಸರ್ಕ್ಯೂಟಿಗೆ ಗೊತ್ತೇ ಇರುವುದಿಲ್ಲ ಎನ್ನುವಂಥ ಮಾಲು ಇದರಲ್ಲಿ ಬಹಳ. ಕೈಯಲ್ಲಿ ಹಿಡಿದು ತೂಗಿ ನೋಡಿ, ಹಳೆಯ ಕಂಪನಿ ಅಡಾಪ್ಟರಿನ ಅರ್ಧ ತೂಕವೂ ಇಲ್ಲದಿದ್ದರೆ ವಾಪಸ್ ಕೊಡಿ. ತೂಕ ಪ್ರಮಾಣಪತ್ರವೇನಲ್ಲ, ಆದರೆ ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್ ಸಣ್ಣದು ಹಾಕಿದ್ದನ್ನು ತಕ್ಕಡಿ ಮುಚ್ಚಿಡಲಾರದು.

ಅದರ ವೈರನ್ನೂ ನೋಡಬೇಕು. 1.2 ಮೀಟರ್ ವೈರ್ ಅಂದರೆ ಕರೆಂಟ್ ಹೋಗಿ ಬರುವ ದಾರಿ 2.4 ಮೀಟರ್. 0.75 ಚದರ ಮಿ.ಮೀ. ತಾಮ್ರವಾದರೆ 4 ಆಂಪಿನಲ್ಲಿ ಕಾಲು ವೋಲ್ಟಿನೊಳಗೆ ನಷ್ಟ. 0.3 ಚದರ ಮಿ.ಮೀ. ಆದರೆ ಅರ್ಧ ವೋಲ್ಟ್ ದಾಟುತ್ತದೆ, ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಆದರೆ ಇನ್ನೂ ಹೆಚ್ಚು. ಇಯರ್‌ಫೋನ್ ವೈರಿನಂತೆ ತೆಳ್ಳಗಿದ್ದರೆ ಅಡಾಪ್ಟರ್ ಎಷ್ಟೇ ಗಟ್ಟಿಯಾದರೂ ಪ್ರಯೋಜನವಿಲ್ಲ.

ಎರಡನೆಯದು ತೂತು ತೂತಿನ ಲೋಹದ ಡಬ್ಬಿ, ಎಲ್‌ಇಡಿ ಪಟ್ಟಿ ಮತ್ತು ಸಿಸಿಟಿವಿಗೆ ಗೋಡೆಗೆ ಹೊಡೆಯುವ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ. ಕೊಡುವ ರೊಕ್ಕಕ್ಕೆ ಆಂಪ್ ಹೆಚ್ಚು ಸಿಗುವುದು ಇದರಲ್ಲೇ. 10 ಆಂಪಿನದು ತೆಗೆದುಕೊಂಡರೆ ನ್ಯಾಸ್ ಏಳುತ್ತದೆ, ಸಂಶಯವಿಲ್ಲ. ಆದರೆ 230 ವೋಲ್ಟಿನ ಸ್ಕ್ರೂಗಳು ಹೊರಗೇ ಇರುತ್ತವೆ, ಅರ್ಥಿಂಗ್ ನಾವೇ ಕೊಡಬೇಕು, ವೋಲ್ಟೇಜ್ ತಿರುಗಿಸುವ ಸಣ್ಣ ಸ್ಕ್ರೂ ಒಂದು ಇರುತ್ತದೆ. ಧೂಳು ತೂತಿನಿಂದ ನೇರವಾಗಿ ಒಳಗೆ. ಮಕ್ಕಳಿರುವ ಮನೆಗೆ ಬೇಡವೇ ಬೇಡ. ಅಂಗಡಿಯವರು ತಮ್ಮ ಟೇಬಲ್ ಮೇಲೆ ಪರೀಕ್ಷೆಗೆ ಇಟ್ಟುಕೊಳ್ಳಲಿ, ಅಷ್ಟಕ್ಕೆ ಇದು ಒಳ್ಳೆಯದು.

ಮೂರನೆಯದು ಹಳೆಯ ಸರಕು: ಮಾನಿಟರ್, ಸೆಟ್‌ಟಾಪ್ ಬಾಕ್ಸ್, ಲ್ಯಾಪ್‌ಟಾಪ್‌ಗಳಿಂದ ಉಳಿದ ಅಡಾಪ್ಟರ್‌ಗಳ ಡಬ್ಬ. ಇಲ್ಲಿ ನಿಜವಾಗಿಯೂ ಒಳ್ಳೆಯದು ಸಿಗಬಹುದು, ನಿಜವಾಗಿಯೂ ಅನಾಹುತವೂ ಸಿಗಬಹುದು. ಮಾನಿಟರ್ ಅಡಾಪ್ಟರ್‌ಗಳು 12 ವೋಲ್ಟಷ್ಟೇ ಅಲ್ಲ, 14, 19 ವೋಲ್ಟಿನವೂ ಇರುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳ 19 ವೋಲ್ಟ್ ಚಾರ್ಜರ್ ಪಿನ್ 5.5 × 2.5 ಮಿ.ಮೀ., ಅನೇಕ ನ್ಯಾಸ್‌ಗಳದ್ದೂ ಅಷ್ಟೇ ಅಳತೆ. ಬೀಗದಲ್ಲಿ ಕೀಲಿ ಕೂತಂತೆ ಕೂರುತ್ತದೆ, ಎರಡೇ ಸೆಕೆಂಡಿನಲ್ಲಿ ಬೋರ್ಡಿನ ಮತ್ತು ಡಿಸ್ಕಿನ ರಕ್ಷಣಾ ಡಯೋಡ್ ಸುಡುತ್ತದೆ. ಡಯೋಡ್ ಶಾರ್ಟ್ ಆಗಿ ತಾನು ಸತ್ತು ಉಳಿದದ್ದನ್ನು ಕಾದರೆ ಪುಣ್ಯ. ಕಾಯುತ್ತದೆಂಬ ಭರವಸೆ ಇಲ್ಲ.

ನಾಲ್ಕನೆಯದು ಕಂಪನಿಯದೇ ಅಡಾಪ್ಟರ್, ಅಥವಾ ಅದಕ್ಕೆ ಸಮನಾದ, ಪವರ್ ಸಪ್ಲೈ ತಯಾರಿಸುವ ಮೀನ್ ವೆಲ್ ಕಂಪನಿಯಂಥದ್ದು. ಮೀನ್ ವೆಲ್ ಜಿಎಸ್‌ಟಿ60ಎ12-ಪಿ1ಜೆ ಎಂಬುದು 12 ವೋಲ್ಟ್, 5 ಆಂಪ್, 60 ವ್ಯಾಟ್. ಗೋಡೆ ಕಡೆಗೆ ಕಂಪ್ಯೂಟರಿನ ಮಾಮೂಲಿ ಪವರ್ ಕಾರ್ಡ್ ಹಿಡಿಯುತ್ತದೆ, ಆದ್ದರಿಂದ ಅರ್ಥಿಂಗ್ ಸರಿಯಾಗಿ ಬರುತ್ತದೆ. ಬೆಲೆ ಸಿಸಿಟಿವಿ ಮಾಲಿನ ಹಲವು ಪಟ್ಟು. ಆನ್‌ಲೈನ್ ತರಿಸಬೇಕು, ಇಲ್ಲವೇ ಹೈದರಾಬಾದಿಗೆ ಹೋಗುವವರ ಕೈಯಲ್ಲಿ ಕೋಠಿಯ ಗುಜರಾತಿ ಗಲ್ಲಿಯಿಂದ ತರಿಸಬೇಕು. ಇದರದ್ದೊಂದು ತೊಡಕು: ಪಿನ್ 2.1 ಮಿ.ಮೀ. ತೂತಿನದು. ನ್ಯಾಸ್ ಸಾಕೆಟ್ಟಿನ ನಡುಪಿನ್ 2.5 ಇದ್ದರೆ ಒಳಗೆ ಹೋಗುವುದೇ ಇಲ್ಲ, ಕನ್ವರ್ಟರ್ ಪಿನ್ ಬೇಕು. ಸಿಸಿಟಿವಿ ಅಡಾಪ್ಟರ್‌ಗಳದ್ದೂ ಬಹುತೇಕ 2.1. ತಿರುಗುಮುರುಗಾದರೆ, ಅಂದರೆ 2.5ರ ಪಿನ್ನನ್ನು 2.1ರ ಸಾಕೆಟ್ಟಿಗೆ ಚುಚ್ಚಿದರೆ, ಹೋಗುತ್ತದೆ, ಸಡಿಲವಾಗಿ ಕೂರುತ್ತದೆ. ವಿಷಯ ಗೊತ್ತಿಲ್ಲದವರು ಇದನ್ನು "ಸರಿಹೋಯ್ತು" ಅಂದುಕೊಳ್ಳುತ್ತಾರೆ. ಸಡಿಲ ಸಂಪರ್ಕ ಬಿಸಿಯಾಗಿ, ಕಿಡಿ ಕಾರಿ, ಡಿಸ್ಕ್ ಬರೆಯುವಾಗಲೇ ಕರೆಂಟ್ ಕಡಿಯುತ್ತದೆ. ಪಿನ್ ಚುಚ್ಚಿ ಬೆರಳಿನಿಂದ ಅಲುಗಿಸಿದಾಗ ಲೈಟ್ ಅಳ್ಳಾಡಬಾರದು.

ನಾಲ್ಕು ಡಿಸ್ಕಿನ ಪೆಟ್ಟಿಗೆಗಳಲ್ಲಿ ಗುಂಡಗಿನ ನಾಲ್ಕು ಪಿನ್ನಿನ ಕನೆಕ್ಟರ್ ಇದ್ದರೆ ಇನ್ನೂ ಎಚ್ಚರ ಬೇಕು. ಆಕಾರ ಒಂದೇ ಆದರೂ ಯಾವ ಪಿನ್ ಪ್ಲಸ್, ಯಾವುದು ಮೈನಸ್ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಹಳೆಯ ಅಡಾಪ್ಟರ್ ಪೂರ್ತಿ ಸತ್ತಿರದಿದ್ದರೆ ಅದರ ನಾಲ್ಕೂ ಪಿನ್ ಅಳೆದು ಚಿತ್ರ ಬರೆದಿಟ್ಟುಕೊಂಡು, ಹೊಸದನ್ನು ಅಳೆದು ಹೋಲಿಸಿದ ಮೇಲೆಯೇ ಚುಚ್ಚಿ.

ಯಾವ ಬಗೆ ಕೊಂಡರೂ ಲೇಬಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಹತ್ತಿರ 'ಆರ್-' ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅಂಗಡಿಯಲ್ಲಿ ನಿಂತಲ್ಲೇ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿ ನೋಂದಣಿ ಇದೆ ಎಂದು ಬರುತ್ತದೆ. ಡಬ್ಬಿ ಮೇಲಿನ ಬ್ರಾಂಡಿಗೂ ಆ್ಯಪ್ ತೋರಿಸುವ ಬ್ರಾಂಡಿಗೂ ತಾಳೆ ಆಗದಿದ್ದರೆ ಮಾತೇ ಮುಗಿಯಿತು.

ಲೋಡ್ ಪರೀಕ್ಷೆಗೆ ದುಬಾರಿ ಯಂತ್ರ ಬೇಕಿಲ್ಲ. ಆಟೋಮೊಬೈಲ್ ಅಂಗಡಿಯಲ್ಲಿ ಕಾರಿನ ಇಂಡಿಕೇಟರ್ ಬಲ್ಬ್ ಸಿಗುತ್ತದೆ, 12 ವೋಲ್ಟ್ 21 ವ್ಯಾಟ್. ಬೈಕಿನ 10 ವ್ಯಾಟಿನದು ಬೇಡ. ಒಂದು ಬಲ್ಬ್ ಸುಮಾರು 1.75 ಆಂಪ್, ಎರಡಾದರೆ 3.5. ಹೋಲ್ಡರ್ ಸಮೇತ ಎರಡು ಕೊಂಡು, ಅಡಾಪ್ಟರಿನ ತುದಿಗೆ ಪಕ್ಕಪಕ್ಕದಲ್ಲಿ ಪ್ಯಾರಲಲ್ ಆಗಿ ಕಟ್ಟಿ. ಎರಡನ್ನೂ ಒಟ್ಟಿಗೆ ಹಚ್ಚಬೇಡಿ: ತಣ್ಣಗಿರುವ ಫಿಲಮೆಂಟ್ ಮೊದಲ ಕ್ಷಣ ಹತ್ತು ಪಟ್ಟಿನಷ್ಟು ಎಳೆಯುತ್ತದೆ, ಒಳ್ಳೆಯ ಅಡಾಪ್ಟರ್ ಕೂಡ ಅದನ್ನು ಶಾರ್ಟ್ ಎಂದು ತಿಳಿದು ಬಂದ್ ಆದೀತು. ಒಂದು ಹೊತ್ತಿಸಿ, ಸ್ಥಿರವಾದ ಮೇಲೆ ಇನ್ನೊಂದು. ಈಗ ಬಲ್ಬಿನ ಬುಡದಲ್ಲಿ ಮೀಟರ್ ಹಿಡಿಯಿರಿ, ಅಡಾಪ್ಟರಿನ ಬುಡದಲ್ಲಿ ಅಲ್ಲ. ವೈರಿನ ನಷ್ಟವೂ ಲೆಕ್ಕಕ್ಕೆ ಬರಲಿ. 11.4ರಿಂದ 12.6ರ ನಡುವೆ ಹತ್ತು ನಿಮಿಷ ನಿಂತರೆ ತೇರ್ಗಡೆ. 11.4ರ ಕೆಳಗೆ ಜಾರುತ್ತಾ ಹೋದರೆ ಬೇಡ. ಬಹುತೇಕ ಡಿಸ್ಕ್‌ಗಳು 12 ವೋಲ್ಟಿನಲ್ಲಿ ಶೇ. 10ರಷ್ಟು ಏರಿಳಿತ ಸಹಿಸುತ್ತವೆ, 10.8ಕ್ಕೆ ಆ ಸಹನೆ ಮುಗಿಯುತ್ತದೆ. ಹತ್ತು ನಿಮಿಷದ ನಂತರ ಅಡಾಪ್ಟರ್ ಮೇಲೆ ಕೈ ಇಡಲಾಗದಷ್ಟು ಸುಟ್ಟರೂ ಬೇಡ. ಬಲ್ಬಿನ ಗಾಜು ಮುಟ್ಟಬೇಡಿ, ಚರ್ಮ ಅಂಟುತ್ತದೆ.

ಈ ಪರೀಕ್ಷೆ ಮಾಡಿಕೊಡಲು ಒಪ್ಪುವ ಕೌಂಟರ್ ಸಿಕ್ಕರೆ ಅಲ್ಲೇ ಕೊಳ್ಳಿ, ಐವತ್ತು ರೂಪಾಯಿ ಹೆಚ್ಚಾದರೂ ಸರಿ. ಒಪ್ಪದಿದ್ದರೆ "ನಡೀದಿದ್ರ ನಾಳಿಗಿ ವಾಪಸ್ ತಗೋತೀರೇನ್ರಿ?" ಎಂದು ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.

ಹಳೆಯ ಅಡಾಪ್ಟರನ್ನೇ ಒಡೆಸಿ ಕೆಪಾಸಿಟರ್ ಬದಲಿಸುವುದು? ಬಿಡಿ ಸಾಮಾನು ಸೋವಿ, 1000 ಮೈಕ್ರೋಫ್ಯಾರಡ್ 16 ಅಥವಾ 25 ವೋಲ್ಟ್, 105 ಡಿಗ್ರಿಯ, ಕಡಿಮೆ ಒಳರೋಧದ ಎರಡು ಕೆಪಾಸಿಟರ್ ಸಾಮಾನ್ಯವಾಗಿ ಸಾಕು. ಆದರೆ ಅಂಟಿಸಿ ಬೆಸೆದ ಡಬ್ಬಿಯನ್ನು ಒಡೆದರೆ ಮತ್ತೆ ಸರಿಯಾಗಿ ಮುಚ್ಚುವುದಿಲ್ಲ, ಮೇನ್ಸ್ ಕಡೆಯ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ 325 ವೋಲ್ಟ್ ವರೆಗೆ ಹಿಡಿದಿಟ್ಟಿರಬಲ್ಲದು. ಟೇಪ್ ಸುತ್ತಿದ ಅಡಾಪ್ಟರನ್ನು ಕಪಾಟಿನ ಹಿಂದೆ ಹಗಲು ರಾತ್ರಿ ಬಿಡುವುದಕ್ಕಿಂತ ಹೊಸದು ಕೊಳ್ಳುವುದೇ ಲೇಸು.

ಅಡಾಪ್ಟರ್ ತೇರ್ಗಡೆಯಾಗಿಯೂ ನ್ಯಾಸ್ ಏಳದಿದ್ದರೆ ಆಗ ಬೋರ್ಡಿನ ಮಾತು. ಇದಕ್ಕೆ ಕಂಪ್ಯೂಟರ್ ಮಾರುವ ಅಂಗಡಿಗಿಂತ ಲ್ಯಾಪ್‌ಟಾಪ್ 'ಚಿಪ್ ಲೆವೆಲ್' (ಬೋರ್ಡಿನ ಬಿಡಿಭಾಗ ಬದಲಿಸುವ) ರಿಪೇರಿ ಮಾಡುವವರು ಮೇಲು. ಲ್ಯಾಪ್‌ಟಾಪ್ ಬೋರ್ಡಿನಲ್ಲಿ ದಿನವೂ ನೋಡುವುದನ್ನೇ ಇಲ್ಲಿ ನೋಡಬೇಕು: ಡಿಸಿ ಸಾಕೆಟ್ಟಿನ ಹಿಂದಿನ ಸಣ್ಣ ಫ್ಯೂಸ್, ಅದರ ಪಕ್ಕದ ರಕ್ಷಣಾ ಡಯೋಡ್, ಕರೆಂಟಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್ಫೆಟ್, ಆಮೇಲೆ 5 ಮತ್ತು 3.3 ವೋಲ್ಟ್ ಮಾಡುವ ಭಾಗ. ಡಯೋಡ್ ಶಾರ್ಟ್ ಆಗಿದ್ದರೆ ಅದನ್ನು ತೆಗೆದರೂ ಪೆಟ್ಟಿಗೆ ಏಳುತ್ತದೆ. ಆದರೆ ಹೊಸದು ಹಾಕದೆ ಬಿಟ್ಟರೆ ಮುಂದಿನ ಏಟಿಗೆ ತಡೆ ಇಲ್ಲ, ಹಾಕಿಸಿಯೇ ತನ್ನಿ. ಇಂಟೆಲ್ ಪ್ರೊಸೆಸರಿನ ಬೋರ್ಡಾದರೆ ರ‍್ಯಾಮ್ ಕಿತ್ತು ಒರೆಸಿ ಕೂರಿಸುವುದು, ಬೋರ್ಡ್ ಮೇಲಿನ ನಾಣ್ಯದಂಥ 3 ವೋಲ್ಟ್ ಸೆಲ್ ಬದಲಿಸುವುದು, ಈ ಎರಡೂ ಹತ್ತು ನಿಮಿಷದ ಕೆಲಸ, ಮೊದಲು ಅದನ್ನೇ ಮಾಡಿಸಿ.

ಒಂದು ಜಾತಿಯ ಪೆಟ್ಟಿಗೆಗೆ ಮಾತ್ರ ಅಡಾಪ್ಟರ್, ಡಯೋಡ್ ಯಾವುದೂ ಉತ್ತರವಲ್ಲ. ನ್ಯಾಸ್ ತಯಾರಿಸುವ ಸಿನಾಲಜಿ ಕಂಪನಿಯ ಡಿಎಸ್415+, ಡಿಎಸ್1515+, ಡಿಎಸ್1815+ಗಳಲ್ಲಿ ಇರುವುದು ಇಂಟೆಲ್ ಆಟಂ ಸಿ2000 ಸಾಲಿನ ಪ್ರೊಸೆಸರ್. ಆ ಸಾಲಿನ ಹಳೆಯ ಚಿಪ್‌ಗಳಲ್ಲಿ ಕೆಲಸಕ್ಕೆ ತಾಳ ಹಾಕುವ ಒಂದು ಗಡಿಯಾರ ಸಂಕೇತ (ಕ್ಲಾಕ್) ಕಾಲ ಕಳೆದಂತೆ ದುರ್ಬಲವಾಗಿ ಯಂತ್ರವೇ ಏಳದಂತಾಗುತ್ತದೆ ಎಂದು ಇಂಟೆಲ್ 2017ರಲ್ಲಿ ತನ್ನ ದೋಷಪಟ್ಟಿಯಲ್ಲಿ ಎವಿಆರ್54 ಎಂಬ ಸಂಖ್ಯೆಯಡಿ ದಾಖಲಿಸಿತು. ನೀಲಿ ಲೈಟ್ ಮಿಣುಕುತ್ತಲೇ ಇರುತ್ತದೆ, ಬೀಪ್ ಬರುವುದಿಲ್ಲ, ಡಿಸ್ಕ್ ತೆಗೆದರೂ ಅದೇ ಪಾಡು. ರಿಪೇರಿಯವರು ಆ ಸಂಕೇತ ಹೋಗುವ ಗೆರೆಗೆ ಸುಮಾರು 100 ಓಮಿನ ರೆಸಿಸ್ಟರ್ ಬೆಸೆದು ಎಬ್ಬಿಸುತ್ತಾರೆ. ರೆಸಿಸ್ಟರ್ ಒಂದೆರಡು ರೂಪಾಯಿಯದು, ರೊಕ್ಕ ಹೋಗುವುದು ಕೈಗೆಲಸಕ್ಕೆ. ಇದು ಚಿಪ್ಪನ್ನು ವಾಸಿ ಮಾಡುವುದಿಲ್ಲ, ಕಾಲಾವಕಾಶ ಕೊಡುತ್ತದೆ ಅಷ್ಟೇ. ಎದ್ದ ದಿನವೇ ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿ, ಹೊಸ ಪೆಟ್ಟಿಗೆ ನೋಡಿಕೊಳ್ಳಿ.

ಬೋರ್ಡ್ ಕೈಕೊಟ್ಟರೂ ಡಿಸ್ಕಿನಲ್ಲಿದ್ದದ್ದು ಹೋಗಿಲ್ಲ. ಆದರೆ ಆ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಹಚ್ಚಿದರೆ "ಇನಿಶಿಯಲೈಸ್ ಮಾಡಲೇ, ಫಾರ್ಮ್ಯಾಟ್ ಮಾಡಲೇ" ಎಂದು ಕೇಳುತ್ತದೆ. ಹೌದು ಎಂದರೆ ಮದುವೆ ಆಲ್ಬಂ ಮುಗಿದಂತೆ. ಸಿನಾಲಜಿಯ ಡಿಸ್ಕ್‌ಗಳು ಹಲವು ಡಿಸ್ಕನ್ನು ಒಂದಾಗಿ ಜೋಡಿಸುವ ಲಿನಕ್ಸಿನ ಎಂಡಿ ರೇಡ್ ಮತ್ತು ಎಲ್‌ವಿಎಂ ಪದ್ಧತಿಯವು, ಉಬುಂಟು ಹಾಕಿದ ಕಂಪ್ಯೂಟರಿನಲ್ಲಿ ಓದಲು ಮಾತ್ರ ತೆರೆದು ನಕಲು ಮಾಡಬಹುದು. ಇನ್ನೊಂದು ನ್ಯಾಸ್ ಕಂಪನಿ ಕ್ಯೂನ್ಯಾಪ್‌ನ ಹೊಸ ಪೆಟ್ಟಿಗೆಗಳದ್ದು ತಿದ್ದಿದ ಎಲ್‌ವಿಎಂ, ಸಾದಾ ಲಿನಕ್ಸಿನಲ್ಲಿ ಸುಲಭಕ್ಕೆ ತೆರೆಯದು. ಅದೇ ಕಂಪನಿಯ ಇನ್ನೊಂದು ಪೆಟ್ಟಿಗೆಗೆ ಅದೇ ಕ್ರಮದಲ್ಲಿ ಹಾಕುವುದೇ ಸರಿಯಾದ ದಾರಿ.

ಹೊಸ ಅಡಾಪ್ಟರ್ ಬಂದಮೇಲೆ ಅದನ್ನು ನೆಲದಿಂದ ಎತ್ತಿ, ಕಪಾಟಿನ ಹೊರಗೆ, ಗಾಳಿ ಆಡುವ ಕಡೆ ಇಡಿ. ವೈಫೈ ರೂಟರಿಗೆಂದು ಮಾರುವ ಸಣ್ಣ 12 ವೋಲ್ಟ್ ಯುಪಿಎಸ್ ಇದಕ್ಕೆ ಸಾಲದು, ಸಾಮಾನ್ಯವಾಗಿ 2 ಆಂಪಿನವು, ಒಂದು ಡಿಸ್ಕನ್ನೂ ನೆಟ್ಟಗೆ ಎಬ್ಬಿಸಲಾರವು. ಮನೆಯ ಇನ್ವರ್ಟರಿನಲ್ಲಿ ಓಡಿಸುವುದಾದರೆ ಹಿಂಬದಿಯ ಸ್ವಿಚ್ 'ಯುಪಿಎಸ್' ಕಡೆಗಿರಲಿ. ಸಾದಾ ಮೋಡ್‌ನಲ್ಲಿ ಬದಲಾಗಲು ಹಿಡಿಯುವ ಸಮಯ ಅಡಾಪ್ಟರ್ ತಾಳಿಕೊಳ್ಳುವ ಹತ್ತಿಪ್ಪತ್ತು ಮಿಲಿಸೆಕೆಂಡಿಗಿಂತ ಹೆಚ್ಚಿದ್ದರೆ, ಮನೆಯ ಫ್ಯಾನ್ ನಿಲ್ಲದಿದ್ದರೂ ನ್ಯಾಸ್ ಬೀಳುತ್ತದೆ. ಬಿದ್ದ ಕೂಡಲೆ ಮತ್ತೆ ಎದ್ದು, ಎರಡೂ ಡಿಸ್ಕ್ ಒಟ್ಟಿಗೆ ಜಗ್ಗಿ, ಅಡಾಪ್ಟರ್ ಮೇಲೆ ದಿನಕ್ಕೆ ನಾಲ್ಕಾರು ಸಲ ಅದೇ ಏಟು.

ರಿಪೇರಿಗೆ ಒಯ್ಯುವಾಗ ಖಾಲಿ ಪೆಟ್ಟಿಗೆ ಮತ್ತು ಅಡಾಪ್ಟರ್ ಮಾತ್ರ ಒಯ್ಯಿರಿ. "ಡಿಸ್ಕ್ ಹಾಕಿ ನೋಡ್ಬೇಕ್ರಿ" ಎಂದರೆ ಅವರ ಹತ್ತಿರ ಬಿದ್ದಿರುವ ಹಳೆಯ 3.5 ಇಂಚಿನ ಡಿಸ್ಕ್ ಎರಡು ಹಾಕಿಸಿ ನೋಡಿ. ನಿಮ್ಮವು ಮನೆಯಲ್ಲೇ, 1 ಮತ್ತು 2 ಎಂದು ಬರೆದು, ಒಣ ಜಾಗದಲ್ಲಿ ಇರಲಿ.